ಸುಗ್ಗಿಯಲ್ಲಿ ಮಾರಿ ಆಷಾಢದಲ್ಲಿ ಕೊಳ್ಳುವ ಭೂತಾನ: ಕೇಂದ್ರ ವಿದ್ಯುತ್ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೇಂದ್ರ ವಿದ್ಯುತ್ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: ಭೂತಾನದ ಚಳಿಗಾಲದ ವಿದ್ಯುತ್ ಕೊರತೆ, ಅದರಲ್ಲಿ ನಮ್ಮ ಪಾಲು ಮತ್ತು ಯೂನಿಟ್‌ಗೆ ಯೂನಿಟ್ ಲೆಕ್ಕದ ವಿನಿಮಯ ಒಪ್ಪಂದ ಕೋರಿ.

ಮಾನ್ಯರೇ,

2025ರ ನವೆಂಬರ್ 11ರಂದು ಥಿಂಪುವಿನಲ್ಲಿ ಭೂತಾನದ ದೊರೆ ಮತ್ತು ನಮ್ಮ ಪ್ರಧಾನಿ ಸೇರಿ ಪುನಾತ್ಸಾಂಗ್‌ಛು-2 ಜಲವಿದ್ಯುತ್ ಸ್ಥಾವರವನ್ನು ಉದ್ಘಾಟಿಸಿದರು. ತಲಾ 170 ಮೆಗಾವ್ಯಾಟ್‌ನ ಆರು ಯಂತ್ರ, ಒಟ್ಟು 1,020 ಮೆಗಾವ್ಯಾಟ್. ಸಂತೋಷದ ಸಂಗತಿಯೇ. ಆದರೆ ಉದ್ಘಾಟನೆಯ ಹೊತ್ತಿಗೇ ಹೊಳೆ ಇಳಿಯತೊಡಗಿತ್ತು. ನವೆಂಬರ್ ಎಂದರೆ ಹಿಮಾಲಯದ ನದಿಗಳು ಸೊರಗಲು ಶುರುವಾಗುವ ತಿಂಗಳು. ಜನವರಿ, ಫೆಬ್ರವರಿಯಲ್ಲಿ ಆ ಆರು ಯಂತ್ರಗಳ ಪೈಕಿ ಹಗಲೂ ರಾತ್ರಿ ತಿರುಗಬಲ್ಲದ್ದು ಒಂದೋ ಎರಡೋ. ಈ ಪತ್ರ ನಿಂತು ಹೋಗುವ ಉಳಿದ ಯಂತ್ರಗಳ ಬಗ್ಗೆ.

ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಮೈಸೂರು ಸಂಸ್ಥಾನ ಎದುರಿಸಿದ್ದೂ ಇದೇ ಸಮಸ್ಯೆಯನ್ನು. ಕಾವೇರಿಗೆ ಅಡ್ಡಲಾಗಿ ನೀರು ಹಿಡಿದಿಡುವ ಅಣೆಕಟ್ಟು ಇರಲಿಲ್ಲ; ಬಂದ ನೀರನ್ನು ಬಂದ ಹಾಗೆ ಟರ್ಬೈನಿಗೆ ಬಿಡಬೇಕಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಗೆ ಕರೆಂಟಿಗೂ ತತ್ವಾರ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಕೈಗೆತ್ತಿಕೊಂಡಾಗ ಮಂಡ್ಯದ ಗದ್ದೆಯಷ್ಟೇ ಅಲ್ಲ, ಶಿವನಸಮುದ್ರದ ಯಂತ್ರಗಳಿಗೆ ವರ್ಷಪೂರ್ತಿ ನೀರು ಒದಗಿಸುವುದೂ ಅದರ ಮುಖ್ಯ ಉದ್ದೇಶವಾಗಿತ್ತು. ನೂರು ವರ್ಷದ ಹಿಂದೆ ಇಲ್ಲಿ ಕಲಿತ ಪಾಠವನ್ನು ಭಾರತದ ಹಣ, ಭಾರತದ ಎಂಜಿನಿಯರುಗಳು ಭೂತಾನದಲ್ಲಿ ಕಟ್ಟುವಾಗ ಬಿಟ್ಟುಬಿಟ್ಟರು ಎಂಬುದು ನಮ್ಮ ದೂರಿನ ತಿರುಳು.

ಮೊದಲು ಲೆಕ್ಕ. ಎಂಟು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ದೇಶ ಅದು. ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು ಜನ. 336 ಮೆಗಾವ್ಯಾಟ್‌ನ ಚುಖಾ 1988ರ ಹೊತ್ತಿಗೆ ಪೂರ್ಣಗೊಂಡಿತು. ಆಮೇಲೆ ಕುರಿಛು 60, ಬಾಸೋಛು 64, ತಾಲಾ 1,020, ದಾಗಾಛು 126, 2019ರಲ್ಲಿ ಮಾಂಗ್ದೆಛು 720. ಕೂಡಿದರೆ 2,326 ಮೆಗಾವ್ಯಾಟ್. ಈಚೆಗೆ 118 ಮೆಗಾವ್ಯಾಟ್‌ನ ನಿಕಾಛು, ಕೆಲವು ಸಣ್ಣ ಸ್ಥಾವರಗಳು, ಈಗ ಪುನಾತ್ಸಾಂಗ್‌ಛು-2 ಸೇರಿವೆ. (ಜೋಂಖಾ ಭಾಷೆಯಲ್ಲಿ ‘ಛು’ ಎಂದರೆ ನೀರು, ಹೊಳೆ. ನಮ್ಮ ಕಡತಗಳಲ್ಲಿ ‘ಮಾಂಗ್ದೆಛು ನದಿ’ ಎಂದು ಬರೆಯುವುದು ‘ಹೇಮಾವತಿ ಹೊಳೆ ನದಿ’ ಎಂದಂತೆ.) ಮಳೆಗಾಲದಲ್ಲಿ ಇಷ್ಟೂ ಯಂತ್ರ ಪೂರ್ತಿ ತಿರುಗುತ್ತವೆ, ದೇಶಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಉತ್ಪಾದಿಸುತ್ತವೆ, ಉಳಿದದ್ದು ಬೀರ್‌ಪಾಡಾ, ಸಿಲಿಗುರಿ, ಅಲಿಪುರ್‌ದ್ವಾರ್ ಮೂಲಕ ನಮ್ಮ ಗ್ರಿಡ್‌ಗೆ ಬರುತ್ತದೆ. ಚಳಿಗಾಲದ ತಳಮಟ್ಟದಲ್ಲಿ ಈ ಉತ್ಪಾದನೆ ಸ್ಥಾಪಿತ ಸಾಮರ್ಥ್ಯದ ಐದರಲ್ಲೊಂದು ಭಾಗದ ಆಸುಪಾಸಿಗೆ ಕುಸಿಯುತ್ತದೆ. ಹೀಟರು, ಗೀಸರು ಹೊತ್ತಿಸಿ ಬೇಡಿಕೆ ನೆತ್ತಿಗೇರುವುದೂ ಆಗಲೇ.

ಇಷ್ಟು ಬೀಳುವುದೇಕೆ ಎಂಬುದಕ್ಕೆ ತಾಲಾ ಒಂದನ್ನೇ ನೋಡಿದರೆ ಸಾಕು. ಆರೂ ಯಂತ್ರ ಪೂರ್ತಿ ತಿರುಗಲು ಸೆಕೆಂಡಿಗೆ ಸುಮಾರು 142 ಘನ ಮೀಟರ್ ನೀರು ಬೇಕು. ಮಳೆಗಾಲದಲ್ಲಿ ತಾಲಾಕ್ಕೆ ನೀರು ಕೊಡುವ ವಾಂಗ್‌ಛು ಅದಕ್ಕಿಂತ ಎಷ್ಟೋ ಹೆಚ್ಚು ಹರಿಯುತ್ತದೆ. ಹೆಚ್ಚಾದದ್ದು ಗೇಟಿನ ಮೇಲೆ ಹಾದು ಬಂಗಾಳದ ಕಡೆ ಹೋಗುತ್ತದೆ. ಮಾಗಿಯಲ್ಲಿ ಮೇಲಿನ ಕಣಿವೆಗಳು ಹೆಪ್ಪುಗಟ್ಟಿ, ಬಿದ್ದದ್ದು ಹಿಮವಾಗಿ ಅಲ್ಲೇ ನಿಂತು, ನದಿಯಲ್ಲಿ ಬರುವುದು ಬರೀ ಊಟೆಯ ನೀರು. ಅದು ಯಂತ್ರಗಳಿಗೆ ಬೇಕಾದ್ದರ ಆರೇಳರಲ್ಲೊಂದು ಭಾಗ. ತಾಲಾ, ಚುಖಾ, ಮಾಂಗ್ದೆಛು ಎಲ್ಲವೂ ಹರಿವಿನ ನೀರನ್ನೇ ನಂಬಿದ ಸ್ಥಾವರಗಳು. ಅಣೆಕಟ್ಟು ಇದೆ, ಎತ್ತರವೂ ಇದೆ, ಮಾಂಗ್ದೆಛುವಿನದು ನೂರು ಮೀಟರ್ ದಾಟುತ್ತದೆ. ಆದರೆ ಅದರ ಹಿಂದೆ ಇರುವುದು ಕೊಳ, ಜಲಾಶಯವಲ್ಲ. ಹಗಲಿನ ನೀರನ್ನು ಕೂಡಿಟ್ಟು ಸಂಜೆ ಮೂರು ನಾಲ್ಕು ಗಂಟೆ ಯಂತ್ರ ಓಡಿಸಬಹುದು. ಆಗಸ್ಟಿನ ನೀರನ್ನು ಜನವರಿಗೆ ಇಡಲಾಗದು.

ಹೀಗೆ ಕಟ್ಟಿದ್ದಕ್ಕೆ ಕಾರಣಗಳಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಹರಿವಿನ ಸ್ಥಾವರದಲ್ಲಿ ಮುಳುಗಡೆ ಕಡಿಮೆ. ದೇಶದ ಶೇ 60ರಷ್ಟು ನೆಲ ಸದಾ ಕಾಡಾಗಿರಬೇಕು ಎಂದು ಸಂವಿಧಾನದಲ್ಲೇ ಬರೆದುಕೊಂಡ ಜನ ಅವರು. ಭೂಕಂಪದ ವಲಯ. ಮೇಲೆ ಹಿಮನದಿ ಸರೋವರಗಳು. 1994ರ ಅಕ್ಟೋಬರ್ 7ರಂದು ಲುಗ್ಗೆ ತ್ಸೋ ಸರೋವರ ಒಡೆದು ನೆರೆ ಪುನಾಖಾದವರೆಗೆ ಬಂದು ಇಪ್ಪತ್ತೊಂದು ಜನ ಸತ್ತರು. ದೊಡ್ಡ ಜಲಾಶಯ ಎಂದರೆ ಅಂಜಿಕೆ ಸಹಜ. ಆದರೆ ಇನ್ನೊಂದು ಕಾರಣವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಆಗ ಕೊಳ್ಳುವವರಿಗೆ, ಅಂದರೆ ನಮಗೆ, ಅಗ್ಗದ ಯೂನಿಟ್ ಸಾಕಿತ್ತು. ಚಳಿಗಾಲದಲ್ಲಿ ಅವರ ಮನೆಯ ಬಲ್ಬು ಹೇಗೆ ಉರಿಯುತ್ತದೆ ಎಂಬುದು ಯೋಜನಾ ವರದಿಯ ವಿಷಯವಾಗಿರಲಿಲ್ಲ. ಚುಖಾ ಕಟ್ಟುವಾಗ ಅವರ ಬೇಡಿಕೆಯೇ ಅಷ್ಟು ಸಣ್ಣದಿತ್ತು. ಈಗಿಲ್ಲ.

ಬೇಡಿಕೆ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ದೂರು ಏಕಪಕ್ಷೀಯವಾಗುತ್ತದೆ. ಹಳ್ಳಿಯ ಮನೆಗೆ ತಿಂಗಳಿಗೆ 100 ಯೂನಿಟ್ ಉಚಿತ. ನಮ್ಮ ಗೃಹಜ್ಯೋತಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಹೊರೆ ಮನೆಗಳದ್ದಲ್ಲ. ನಮ್ಮ ಗಡಿಗೆ ಅಂಟಿಕೊಂಡ ಪಾಸಾಖಾದಲ್ಲಿ ಫೆರೋಸಿಲಿಕಾನ್, ಕ್ಯಾಲ್ಸಿಯಂ ಕಾರ್ಬೈಡ್ ಕುಲುಮೆಗಳ ಸಾಲೇ ಇದೆ. ಒಂದು ಟನ್ ಫೆರೋಸಿಲಿಕಾನ್ ಕರಗಿಸಲು ಎಂಟು ಒಂಬತ್ತು ಸಾವಿರ ಯೂನಿಟ್ ಬೇಕು. ಬೇಕೆಂದಾಗ ಆರಿಸಿ ಹೊತ್ತಿಸುವ ಒಲೆಯಲ್ಲ ಅದು: ಕುಲುಮೆಯಲ್ಲಿ ಇಳಿಬಿಟ್ಟ ಇಂಗಾಲದ ಎಲೆಕ್ಟ್ರೋಡು ತಣ್ಣಗಾದರೆ ಬಿರುಕು ಬಿಡುತ್ತದೆ, ಮತ್ತೆ ನಿಧಾನವಾಗಿ ಕಾಯಿಸಿ ಪೂರ್ತಿ ಹೊರೆಗೆ ತರಲು ದಿನಗಟ್ಟಲೆ ಹಿಡಿಯುತ್ತದೆ. ಇದಲ್ಲದೆ ಭೂತಾನದ ಸರ್ಕಾರಿ ಹೂಡಿಕೆ ಸಂಸ್ಥೆ ಬಿಟ್‌ಕಾಯಿನ್ ಗಣಿಗಾರಿಕೆಗೂ, ಅಂದರೆ ಕಂಪ್ಯೂಟರುಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸಕ್ಕೂ ಇಳಿಯಿತು. 2023ರಲ್ಲಿ ಗೇದುವಿನಲ್ಲಿ ಒಂದೇ ಕೇಂದ್ರ 100 ಮೆಗಾವ್ಯಾಟ್‌ನದು. ಈ ಕಂಪ್ಯೂಟರುಗಳು ಒಂದೊಂದೂ ಮೂರು ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯುತ್ತವೆ, ಹಗಲು ರಾತ್ರಿ. ಮಳೆಗಾಲದಲ್ಲಿ ಸುಮ್ಮನೆ ಹರಿದುಹೋಗುವ ನೀರಿಗೆ ಬೆಲೆ ಬರುತ್ತದೆ ಎಂಬ ಮಟ್ಟಿಗೆ ಅದರಲ್ಲಿ ಜಾಣತನವಿದೆ. ಮಾಗಿಯಲ್ಲೂ ಓಡಿಸಿದರೆ ಆ ಜಾಣತನದ ಬಿಲ್ಲನ್ನು ನಮ್ಮ ಸಂತೆಯಲ್ಲಿ ಕಟ್ಟಬೇಕಾಗುತ್ತದೆ.

ಆ ಸಂತೆಯ ಮಾತಿಗೆ ಬರೋಣ. 2022ರ ಜನವರಿಯಿಂದ ಭೂತಾನ ನಮ್ಮ ಇಂಧನ ವಿನಿಮಯ ಕೇಂದ್ರದ ‘ಮರುದಿನದ ಮಾರುಕಟ್ಟೆ’ಯಲ್ಲಿ ಚಳಿಗಾಲದ ವಿದ್ಯುತ್ ಕೊಳ್ಳುತ್ತಿದೆ. ಕ್ರಮ ಹೀಗಿದೆ: ದಿನವನ್ನು 15 ನಿಮಿಷದ 96 ತುಂಡುಗಳಾಗಿ ಮಾಡಲಾಗುತ್ತದೆ. ಪ್ರತಿ ತುಂಡಿಗೂ ಎಷ್ಟು ಬೇಕು, ಎಷ್ಟು ದರಕ್ಕೆ ಎಂದು ಹಿಂದಿನ ದಿನವೇ ಬಿಡ್ ಹಾಕಬೇಕು. ಅಂದಾಜು ತಪ್ಪಿ ಹೆಚ್ಚು ಎಳೆದರೆ ವಿಚಲನೆಯ ದಂಡ ಬೇರೆ. ಹಿಮ ಬಿದ್ದ ಬೆಳಿಗ್ಗೆ ಥಿಂಪು, ಪಾರೋದ ಹೊರೆ ಎಷ್ಟು ಏರುತ್ತದೆಂದು ಹಿಂದಿನ ಮಧ್ಯಾಹ್ನ ಕರಾರುವಾಕ್ಕಾಗಿ ಹೇಳುವುದು ಯಾರಿಗೂ ಸುಲಭವಲ್ಲ. ದರದ ಏರಿಳಿತ ಇದಕ್ಕಿಂತ ಕ್ರೂರ. ನಮ್ಮ ಸೌರ ವಿದ್ಯುತ್ ಉಕ್ಕುವ ನಡುಹಗಲಲ್ಲಿ ಯೂನಿಟ್ ಎಷ್ಟೋ ದಿನ ಮೂರು ರೂಪಾಯಿಗಿಂತ ಕೆಳಗೆ ಸಿಗುತ್ತದೆ. ಬೆಳಗಿನ ಗೀಸರ್ ಹೊತ್ತಿಗೆ, ಸಂಜೆ ದೀಪ ಹೊತ್ತಿಸುವ ಹೊತ್ತಿಗೆ ಅದೇ ಯೂನಿಟ್ ನಿಗದಿ ಮಾಡಿದ ಗರಿಷ್ಠ ದರದ ಮಿತಿಯ ಕಡೆ ಜಿಗಿಯುತ್ತದೆ. ಆ ಮಿತಿ 2022ರ ಏಪ್ರಿಲ್‌ನಿಂದ 12 ರೂಪಾಯಿ ಇತ್ತು, 2023ರ ಏಪ್ರಿಲ್‌ನಲ್ಲಿ 10ಕ್ಕೆ ಇಳಿಸಲಾಯಿತು. ಉತ್ತರ ಭಾರತ ನಡುಗುವ ಬೆಳಿಗ್ಗೆಯೇ ಭೂತಾನವೂ ನಡುಗುವುದರಿಂದ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಬೇಕು.

ಇದರ ಎದುರಿಗೆ ನಾವು ಅವರಿಂದ ಕೊಳ್ಳುವ ದರ ಇಡಿ. ಮಾಂಗ್ದೆಛುವಿಗೆ 2019ರಲ್ಲಿ ನಿಗದಿಯಾದದ್ದು ಯೂನಿಟ್‌ಗೆ 4 ರೂಪಾಯಿ 12 ಪೈಸೆ. ಚುಖಾ, ತಾಲಾಗಳ ದರ ಅದಕ್ಕಿಂತ ಬಹಳ ಕೆಳಗೆ. ಸುಗ್ಗಿಯಲ್ಲಿ ಕಣದಲ್ಲೇ ಭತ್ತ ಮಾರಿ ಆಷಾಢದಲ್ಲಿ ಅದೇ ಸಾಹುಕಾರನ ಅಂಗಡಿಗೆ ಅಕ್ಕಿಗೆ ಹೋಗುವ ಸಣ್ಣ ರೈತನ ಪಾಡು ಇದು. ಸಾಹುಕಾರ ಕೆಟ್ಟವನೆಂದಲ್ಲ; ರೈತನ ಮನೆಯಲ್ಲಿ ಕಣಜವಿಲ್ಲ. ಕಣಜವಿಲ್ಲದ ಮನೆ ಕಟ್ಟಿಕೊಟ್ಟವರು ಮಾತ್ರ ನಾವೇ.

ಸಾಲದ ಕತೆಯೂ ಇದರೊಳಗೇ ಇದೆ. ಚುಖಾಕ್ಕೆ ಶೇ 60 ಅನುದಾನ, ಶೇ 40 ಸಾಲ ಕೊಟ್ಟಿದ್ದೆವು. ಪುನಾತ್ಸಾಂಗ್‌ಛು-1ಕ್ಕೆ ಬರುವ ಹೊತ್ತಿಗೆ ಅದು ತಿರುಗಿ ಶೇ 40 ಅನುದಾನ, ಶೇ 60 ಸಾಲ. ಮಾಂಗ್ದೆಛುವಿಗೆ ಶೇ 30 ಅನುದಾನ, ಶೇ 70 ಸಾಲ, ಬಡ್ಡಿ ಶೇ 10. ಆ ಪುನಾತ್ಸಾಂಗ್‌ಛು-1, 1,200 ಮೆಗಾವ್ಯಾಟ್‌ನದು, 2008ರಲ್ಲಿ ಶುರುವಾಯಿತು. 2013ರ ಜುಲೈನಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜಾರಿತು. ಬಂಡೆಯೊಳಗೆ ಹಿಟ್ಟಾಗಿ ನುಗ್ಗಾದ ಪದರವಿದ್ದು, ಅದರ ಬುಡವನ್ನು ಅಗೆದಾಗ ಮೇಲಿನ ಇಡೀ ಗುಡ್ಡ ಆಸರೆ ಕಳೆದುಕೊಂಡಿತು. ಕೇಬಲ್ ಆ್ಯಂಕರು, ಪೈಲು, ಸಿಮೆಂಟ್ ಹಾಲಿನ ಗ್ರೌಟಿಂಗ್ ಎಲ್ಲ ಮಾಡಿದ ಮೇಲೂ ಅದು ಮತ್ತೆ ಜಾರಿದೆ. 3,514 ಕೋಟಿ ರೂಪಾಯಿಯ ಅಂದಾಜು 9,375 ಕೋಟಿಗೆ ಹೋಯಿತು. ಪುನಾತ್ಸಾಂಗ್‌ಛು-2ರಲ್ಲೂ 2016ರ ಮಾರ್ಚ್‌ನಲ್ಲಿ ಭೂಗತ ಸರ್ಜ್ ಗ್ಯಾಲರಿ (ನೀರಿನ ಒತ್ತಡದ ಏರಿಳಿತ ತಾಳಿಕೊಳ್ಳುವ ಸುರಂಗ ಕೋಣೆ) ಕುಸಿದು ಕೆಲಸ ಹಿಂದೆ ಬಿತ್ತು. ಯಂತ್ರ ತಿರುಗದಿದ್ದರೂ ಬಡ್ಡಿ ಮಾತ್ರ ತಿರುಗುತ್ತಲೇ ಇರುತ್ತದೆ.

ಈಗ ನಮ್ಮ ಕೋರಿಕೆಗಳು.

ತಕ್ಷಣ ಆಗಬಹುದಾದದ್ದು ವಿದ್ಯುತ್ ಕಡ. ಇದು ನಮ್ಮ ರಾಜ್ಯಗಳ ನಡುವೆ ಬಳಕೆಯಲ್ಲಿರುವ ಪದ್ಧತಿಯೇ. ಇಲಾಖೆಯಲ್ಲಿ ‘ಬ್ಯಾಂಕಿಂಗ್’ ಎನ್ನುತ್ತಾರೆ, ಹಳ್ಳಿಯಲ್ಲಿ ಸೇರು ಅಕ್ಕಿ ಕಡ ತಂದು ಸೇರು ಅಕ್ಕಿಯನ್ನೇ ವಾಪಸು ಅಳೆಯುವುದು. 2023ರ ಬರಗಾಲದಲ್ಲಿ ಕರ್ನಾಟಕ ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಹೀಗೇ ನೂರಾರು ಮೆಗಾವ್ಯಾಟ್ ತಂದು, ಮುಂದಿನ ಮಳೆಗಾಲದಲ್ಲಿ ನಮ್ಮ ಗಾಳಿ, ನೀರಿನ ವಿದ್ಯುತ್ ಉಕ್ಕಿದಾಗ ತೀರಿಸುವ ಒಪ್ಪಂದ ಮಾಡಿಕೊಂಡಿತು. ಯೂನಿಟ್‌ಗೆ ಹಣವಿಲ್ಲ, ತಂತಿಯ ಬಾಡಿಗೆ, ನಡುವಿನ ವ್ಯಾಪಾರಿಯ ಪೈಸೆಗಳು ಮಾತ್ರ. ಕರ್ನಾಟಕಕ್ಕೂ ಪಂಜಾಬಿಗೂ ಆಗುವುದು ಭಾರತಕ್ಕೂ ಭೂತಾನಕ್ಕೂ ಏಕೆ ಆಗಬಾರದು? ಗಡಿಯಾಚೆಗಿನ ವಿದ್ಯುತ್ ವ್ಯಾಪಾರಕ್ಕೆ ನಿಮ್ಮ ಸಚಿವಾಲಯವೇ 2018ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ, ತಂತಿಗಳೂ ಇವೆ. ಭೂತಾನದ ವಿದ್ಯುತ್ ಹೊರತರಲು ಕಟ್ಟಿದ 400 ಕಿಲೋವೋಲ್ಟ್ ಮಾರ್ಗ ಒಳಕ್ಕೂ ಒಯ್ಯುತ್ತದೆ. ಚಳಿಗಾಲದಲ್ಲಿ ಅವು ಹೇಗೂ ಅರೆಖಾಲಿ. ಹಗುರವಾಗಿ ಓಡುವ ಉದ್ದನೆಯ ಲೈನಿನಲ್ಲಿ ವೋಲ್ಟೇಜ್ ಏರಿ ಕೆಲವೊಮ್ಮೆ ಒಂದು ಸರ್ಕ್ಯೂಟನ್ನೇ ತೆರೆದಿಡಬೇಕಾಗುತ್ತದೆ; ಒಳಕ್ಕೆ ಹೊರೆ ಹರಿದರೆ ಆ ಕಾಟವೂ ಕಡಿಮೆಯಾದೀತು.

ಆದರೆ ಒಂದಕ್ಕೆ ಒಂದು ಎಂದು ಕಣ್ಣುಮುಚ್ಚಿ ಬರೆದರೆ ಒಪ್ಪಂದ ಎರಡನೇ ವರ್ಷಕ್ಕೇ ಮುರಿಯುತ್ತದೆ. ಜುಲೈನ ನಡುರಾತ್ರಿಯ ಯೂನಿಟ್ಟೂ ಜನವರಿಯ ಸಂಜೆ ಏಳರ ಯೂನಿಟ್ಟೂ ಒಂದೇ ಅಲ್ಲ. ಜುಲೈ ಸಂಜೆಯ ಯೂನಿಟ್‌ಗೆ ಜನವರಿ ಸಂಜೆಯದನ್ನು ಸರಿಸಮ ಕೊಡಲಿ. ಜುಲೈ ರಾತ್ರಿಯದಕ್ಕೆ ಜನವರಿ ನಡುಹಗಲಿನದನ್ನು ಕೊಡಲಿ, ಬೇಕಾದರೆ ಒಂದಿಷ್ಟು ಹೆಚ್ಚೇ ಸೇರಿಸಿ. ಏಕೆಂದರೆ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಪಾವಗಡದಂಥ ಕಡೆ ಸೌರ ಸ್ಥಾವರಗಳಿಗೆ ‘ಇಳಿಸಿ’ ಎಂದು ಹೇಳುವ ಪ್ರಸಂಗ ಬರುತ್ತಿರುವುದು ನಿಮಗೆ ತಿಳಿದೇ ಇದೆ. ಆ ನಡುಹಗಲಿನ ಯೂನಿಟ್ಟನ್ನು ಭೂತಾನ ಸಂಜೆಯದನ್ನಾಗಿ ಮಾಡಿಕೊಳ್ಳಬಲ್ಲದು: ಹಗಲು ನಮ್ಮ ವಿದ್ಯುತ್ ಎಳೆದು ಹೊರೆ ನಡೆಸಿ, ತನ್ನ ಯಂತ್ರ ನಿಲ್ಲಿಸಿ, ನೀರನ್ನು ಕೊಳದಲ್ಲಿ ಏರಲು ಬಿಟ್ಟು, ಸಂಜೆ ಅದನ್ನು ಬಿಡುವುದು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 20 ಘನ ಮೀಟರ್ ಬರುವ ಹೊಳೆಯನ್ನು ಆರು ಗಂಟೆ ಹಿಡಿದರೆ 4,32,000 ಘನ ಮೀಟರ್. ತಾಲಾದಂತೆ 800 ಮೀಟರಿಗೂ ಹೆಚ್ಚು ಎತ್ತರದಿಂದ ಅದು ಬಿದ್ದರೆ ಒಂದು ಘನ ಮೀಟರ್‌ಗೆ ಹತ್ತಿರಹತ್ತಿರ ಎರಡು ಯೂನಿಟ್, ಒಟ್ಟು ಎಂಟು ಲಕ್ಷದ ಮೇಲೆ. ಸಂಜೆ ನಾಲ್ಕು ಗಂಟೆಯಲ್ಲಿ ಖರ್ಚು ಮಾಡಿದರೆ 200 ಮೆಗಾವ್ಯಾಟ್. ಕೊಳದ ಮಟ್ಟ ದಿನವೂ ಏರಿಳಿದರೆ ದಂಡೆಯ ಮಣ್ಣು ಕುಸಿಯುವ ಅಪಾಯವಿದೆ, ಕೆಳಗಿನ ಹೊಳೆಗೆ ಬಿಡಲೇಬೇಕಾದ ಕನಿಷ್ಠ ನೀರು ನಿಲ್ಲಕೂಡದು. ಇವೆರಡನ್ನೂ ಒಪ್ಪಂದದಲ್ಲೇ ಬರೆಯಬೇಕು.

ಕಡ ಕೊಟ್ಟ ಯೂನಿಟ್ ನಾಣ್ಯ ಅಗೆಯುವ ಕಂಪ್ಯೂಟರಿಗೆ ಹೋಗಬಾರದು ಎಂದು ನಮ್ಮ ಕಡೆಯವರು ಕೇಳಿದರೆ ತಪ್ಪಿಲ್ಲ. ಅದನ್ನು ಷರತ್ತಿನಂತೆ ಹೇರುವ ಬದಲು, ನವೆಂಬರಿಂದ ಮಾರ್ಚ್‌ವರೆಗೆ ಬೆಳಗಿನ ಮತ್ತು ಸಂಜೆಯ ಗರಿಷ್ಠ ಹೊತ್ತಿನಲ್ಲಿ ಆ ಹೊರೆ ಇಳಿಸುವುದಾಗಿ ಅವರೇ ಮಾತು ಕೊಡುವಂತೆ ಮಾತುಕತೆ ನಡೆಸಬಹುದು. ಕುಲುಮೆಯಂತಲ್ಲ ಅದು, ಗುಂಡಿ ಒತ್ತಿದರೆ ನಿಮಿಷಗಳಲ್ಲಿ ಆರುತ್ತದೆ, ಮತ್ತೆ ಹಚ್ಚಿದರೆ ಏನೂ ಒಡೆದಿರುವುದಿಲ್ಲ. ಅವರ ಹೊರೆ, ಅವರ ತೀರ್ಮಾನ.

ಎರಡನೆಯ ಕೋರಿಕೆ ಬುನಾಖಾ. ಈ ಹೆಸರನ್ನು ನಿಮ್ಮ ಸಚಿವಾಲಯದ ಕಡತಗಳಲ್ಲಿ ಹುಡುಕಿಸಿ, ವರ್ಷಗಳಿಂದ ಅಲ್ಲಿದೆ. ವಾಂಗ್‌ಛುವಿನಲ್ಲಿ, ಚುಖಾದ ಮೇಲ್ಭಾಗದಲ್ಲಿ ಒಂದು ನಿಜವಾದ ಜಲಾಶಯ ಕಟ್ಟಿ 180 ಮೆಗಾವ್ಯಾಟ್ ಉತ್ಪಾದಿಸುವ ಯೋಜನೆ ಅದು. ಒಟ್ಟು ವೆಚ್ಚವನ್ನು 180ರಿಂದ ಭಾಗಿಸಿ ನೋಡಿದವರೆಲ್ಲ ‘ದುಬಾರಿ’ ಎಂದು ಷರಾ ಬರೆದು ಕಡತ ಮಡಚಿದ್ದಾರೆ. ಆ ಭಾಗಾಕಾರವೇ ತಪ್ಪು. ಬುನಾಖಾ ಬಿಟ್ಟ ನೀರು ಅಲ್ಲಿಗೆ ಮುಗಿಯುವುದಿಲ್ಲ. ಚುಖಾದಲ್ಲಿ ನಾನೂರಕ್ಕೂ ಹೆಚ್ಚು ಮೀಟರ್ ಬಿದ್ದು, ಅದರ ಕೆಳಗೇ ಇರುವ ತಾಲಾದ ಅಣೆಕಟ್ಟು ಸೇರಿ, ಸುಮಾರು 23 ಕಿಲೋಮೀಟರ್ ಸುರಂಗ ಹಾದು ಇನ್ನೊಮ್ಮೆ ಎಂಟುನೂರಕ್ಕೂ ಹೆಚ್ಚು ಮೀಟರ್ ಬೀಳುತ್ತದೆ. ಎರಡೂ ಸೇರಿದರೆ 1,250 ಮೀಟರಿನ ಹತ್ತಿರ. ಯಂತ್ರದ ದಕ್ಷತೆ ಶೇ 88 ಎಂದಿಟ್ಟುಕೊಂಡರೂ ಒಂದು ಘನ ಮೀಟರ್ ನೀರಿಗೆ ಮೂರು ಯೂನಿಟ್. ನಮ್ಮ ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಕಣ್ಣ ಮುಂದೆ ತಂದುಕೊಳ್ಳಿ. ಅದೊಂದು ಟ್ಯಾಂಕ್ ನೀರು ವಾಂಗ್‌ಛು ಕಣಿವೆಯಲ್ಲಿ ಇಳಿದರೆ ಒಂದು ಸಣ್ಣ ಮನೆಯ ಇಡೀ ದಿನದ ಕರೆಂಟು.

ಹತ್ತು ಕೋಟಿ ಘನ ಮೀಟರ್ ಮಳೆಗಾಲದ ನೀರನ್ನು ಮೇಲೆ ಹಿಡಿದಿಟ್ಟರು ಎನ್ನಿ. ನಮ್ಮ ಅಳತೆಯಲ್ಲಿ ಅದು ಮೂರೂವರೆ ಟಿಎಂಸಿ. 151 ಟಿಎಂಸಿಯ ಲಿಂಗನಮಕ್ಕಿಯ ಪಕ್ಕ ಇಟ್ಟರೆ ಒಂದು ಮೂಲೆಯ ನೀರೂ ಅಲ್ಲ. ಅದರಿಂದ ಈಗಾಗಲೇ ಕಟ್ಟಿ ನಿಂತಿರುವ, ಮಾಗಿಯಲ್ಲಿ ಖಾಲಿ ಕೂರುವ ಚುಖಾ ಮತ್ತು ತಾಲಾದ ಯಂತ್ರಗಳಲ್ಲಿ 30 ಕೋಟಿ ಯೂನಿಟ್ ಹುಟ್ಟುತ್ತದೆ. ನಾಲ್ಕು ತಿಂಗಳಿಗೆ ಹಂಚಿದರೆ ದಿನಕ್ಕೆ 25 ಲಕ್ಷ ಯೂನಿಟ್, ಹಗಲಿರುಳು ಎಡೆಬಿಡದೆ ನೂರು ಮೆಗಾವ್ಯಾಟ್. ಹೊಸ ಸುರಂಗ ಬೇಡ, ಹೊಸ ಟರ್ಬೈನ್ ಬೇಡ, ಹೊಸ ತಂತಿ ಬೇಡ. ಬುನಾಖಾದ ತನ್ನದೇ ಉತ್ಪಾದನೆ ಇದಕ್ಕೆ ಹೊರತು. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಯಂತ್ರಗಳು ಏಪ್ರಿಲ್ ಸಂಜೆಯಲ್ಲೂ ನಮ್ಮನ್ನು ಕಾಯುವುದು ಲಿಂಗನಮಕ್ಕಿಯ ದೆಸೆಯಿಂದ, ಯಂತ್ರದ ಗಾತ್ರದಿಂದಲ್ಲ.

ತೊಡಕು ಎಲ್ಲಿದೆಯೆಂದರೆ ಹಂಚಿಕೆಯಲ್ಲಿ. ಬುನಾಖಾ ಕಟ್ಟುವವರು ಒಬ್ಬರು, ಲಾಭ ಬೀಳುವುದು ಕೆಳಗಿನ ಸ್ಥಾವರಗಳ ಖಾತೆಗೆ, ಹಳೆಯ ಅಗ್ಗದ ದರಕ್ಕೆ. ಹಾಗಿದ್ದಾಗ ಯಾರು ಹಣ ಹಾಕುತ್ತಾರೆ? ಆದ್ದರಿಂದ ನಮ್ಮ ಕೋರಿಕೆ ಇಷ್ಟು: ಜಲಾಶಯದ ವೆಚ್ಚವನ್ನು ವಿದ್ಯುತ್ ಸ್ಥಾವರದ ವೆಚ್ಚದಿಂದ ಬೇರ್ಪಡಿಸಿ. ಜಲಾಶಯದ ಭಾಗಕ್ಕೆ ಚುಖಾ ಕಾಲದ ಶೇ 60ರ ಅನುದಾನವನ್ನೇ ಮರಳಿ ತನ್ನಿ. ಅದರಿಂದ ಚಳಿಗಾಲದಲ್ಲಿ ಚುಖಾ, ತಾಲಾಗಳಲ್ಲಿ ಹೆಚ್ಚಾಗುವ ಯೂನಿಟ್‌ಗಳಿಗೆ ಮಾತ್ರ ಬೇರೆ ದರ ಇಡಿ. ಅವು ಮೊದಲು ಭೂತಾನದ ಮನೆಗಳಿಗೆ, ಉಳಿದರೆ ನಮಗೆ. ಯೋಜನಾ ವರದಿಯನ್ನು ಹೊಸದಾಗಿ ಮಾಡಿಸುವಾಗ ಮುಳುಗಡೆಯಾಗುವ ಗದ್ದೆ, ಮನೆ, ರಸ್ತೆಗಳ ಲೆಕ್ಕ ಮೊದಲ ಅಧ್ಯಾಯದಲ್ಲಿರಲಿ, ಅನುಬಂಧದಲ್ಲಲ್ಲ. ಶರಾವತಿಯ ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಪತ್ರಕ್ಕೆ ಕಚೇರಿ ಅಲೆಯುವುದನ್ನು ಕಂಡ ರಾಜ್ಯದವರಾಗಿ ಇದನ್ನು ಹೇಳದೆ ಇರಲಾಗದು. ಇಂಥ ಬೆಲೆ ತೆರಬೇಕೋ ಬೇಡವೋ ಎಂಬುದು ಭೂತಾನದ ಜನ ತೀರ್ಮಾನಿಸುವ ಮಾತು. ದುಬಾರಿ ಎಂಬ ತಪ್ಪು ಭಾಗಾಕಾರ ಮಾತ್ರ ಅವರ ಎದುರಿಗೆ ಇರಬಾರದು.

ಸಂಕೋಶ್ ಜಲಾಶಯ ಯೋಜನೆಯ ಬಗ್ಗೆ ಕೇಳುವವರಿರುತ್ತಾರೆ. ಅದು ಎರಡೂವರೆ ಸಾವಿರ ಮೆಗಾವ್ಯಾಟ್‌ನ, ಇನ್ನೂರು ಮೀಟರಿಗೂ ಎತ್ತರದ ಅಣೆಕಟ್ಟಿನ ಮಾತು. ದಶಕಗಳಿಂದ ಮಾತಾಗಿಯೇ ಇದೆ. ಅದಕ್ಕಾಗಿ ಬುನಾಖಾ ಕಾಯಬೇಕಿಲ್ಲ.

ಸೌರಶಕ್ತಿಯ ಬಗ್ಗೆ. ಹಿಮಾಲಯವೆಂದರೆ ಮಂಜು, ಮೋಡ, ಅಲ್ಲಿ ಸೌರ ಎಲ್ಲಿ ಎಂದು ನಗುವವರುಂಟು. ಅಲ್ಲಿ ಮೋಡ ಕವಿಯುವುದು ಮಳೆಗಾಲದಲ್ಲಿ, ಆಗ ಸೌರ ಬೇಕಾಗಿಲ್ಲ. ಮಾಗಿಯಲ್ಲಿ ಆಕಾಶ ತಿಳಿ. ನೀರು ಬತ್ತಿದಾಗ ಬಿಸಿಲು, ಬಿಸಿಲು ಮರೆಯಾದಾಗ ನೀರು: ಇಂಥ ಜೋಡಿ ಎಲ್ಲ ದೇಶಕ್ಕೂ ಸಿಗುವುದಿಲ್ಲ. ಫಲಕಗಳಿಗೂ ತಂಪೇ ಹಿತ. ಸಿಲಿಕಾನ್ ಕೋಶ ಕಾದಷ್ಟೂ ಪ್ರತಿ ಡಿಗ್ರಿಗೆ ಶೇ 0.35ರ ಸುಮಾರಿಗೆ ಉತ್ಪಾದನೆ ಇಳಿಯುತ್ತದೆ. ಪಾವಗಡದ ಏಪ್ರಿಲ್‌ನಲ್ಲಿ ಕೋಶ 60 ಡಿಗ್ರಿ ಮುಟ್ಟಿದರೆ, ಭೂತಾನದ ಜನವರಿಯಲ್ಲಿ 25ರ ಆಸುಪಾಸಿನಲ್ಲಿ ನಿಂತೀತು. ಹನ್ನೆರಡು ಪ್ರತಿಶತದ ಲಾಭ ಬರೀ ಚಳಿಯಿಂದ. ಆದರೆ ನಮ್ಮ ಟೆಂಡರ್ ನಮೂನೆಯನ್ನು ಹಾಗೇ ನಕಲು ಮಾಡಿ ಕಳಿಸಬೇಡಿ. ವರ್ಷದ ಒಟ್ಟು ಯೂನಿಟ್ ಹೆಚ್ಚಿಸಲು ಫಲಕವನ್ನು ಅಕ್ಷಾಂಶದಷ್ಟು, ಅಂದರೆ 27 ಡಿಗ್ರಿ ಓರೆ ಇಡುತ್ತಾರೆ. ಅಲ್ಲಿ ಬೇಕಾದದ್ದು ಜನವರಿಯ ಯೂನಿಟ್, ಓರೆ 40 ಡಿಗ್ರಿಗೂ ಮೇಲಿರಲಿ; ಬಿದ್ದ ಹಿಮವೂ ತಾನೇ ಜಾರಿ ಇಳಿಯುತ್ತದೆ. ಓರೆ ಹೆಚ್ಚಾದಷ್ಟೂ ಗಾಳಿಯ ಒತ್ತಡ, ಹಿಂದಿನ ಸಾಲಿನ ಮೇಲಿನ ನೆರಳು ಹೆಚ್ಚು, ಸಾಲುಗಳ ನಡುವೆ ಅಂತರ ಬಿಡಬೇಕು, ಜಾಗ ಹೆಚ್ಚು ತಿನ್ನುತ್ತದೆ. ಸಪಾಟು ನೆಲವೇ ಅಪರೂಪವಾದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ದೊಡ್ಡ ಪಾರ್ಕ್‌ಗಿಂತ ಶಾಲೆ, ಆಸ್ಪತ್ರೆ, ಪಾಸಾಖಾದ ಕಾರ್ಖಾನೆಗಳ ಮಾಡು, ದಕ್ಷಿಣಕ್ಕೆ ಮುಖ ಮಾಡಿದ ಬೋಳು ಇಳಿಜಾರುಗಳು ಮೇಲು. ವಾಂಗ್ದುಯೆ ಜಿಲ್ಲೆಯ ಸೇಫುವಿನಲ್ಲಿ 17.38 ಮೆಗಾವ್ಯಾಟ್ ಎಂದು ಶುರುವಾದ ಸ್ಥಾವರ ದಾರಿ ತೋರಿಸಿದೆ. ಅದೇ ಜಿಲ್ಲೆಯ ರುಬೇಸಾದಲ್ಲಿ 2016ರಿಂದ 300 ಕಿಲೋವ್ಯಾಟ್‌ನ ಎರಡು ಗಾಳಿಯಂತ್ರಗಳಿವೆ. ಕಣಿವೆಯ ಗಾಳಿ ಮಧ್ಯಾಹ್ನವಷ್ಟೇ ಬೀಸಿ ರಾತ್ರಿ ಮಲಗುವುದರಿಂದ ಗಾಳಿಯನ್ನು ಹೆಚ್ಚು ನೆಚ್ಚುವಂತಿಲ್ಲ. ಭಾರತ ಘೋಷಿಸಿರುವ 4,000 ಕೋಟಿ ರೂಪಾಯಿಯ ರಿಯಾಯಿತಿ ಸಾಲದಲ್ಲಿ ಒಂದು ಪಾಲನ್ನು ಚಳಿಗಾಲಕ್ಕೆಂದೇ ವಿನ್ಯಾಸ ಮಾಡಿದ ಸೌರಕ್ಕೆ ತೆಗೆದಿಡಬೇಕು.

ಹೂಳಿನ ಮಾತನ್ನು ಇಲ್ಲಿ ಸೇರಿಸುತ್ತೇವೆ, ಏಕೆಂದರೆ ಚಳಿಗಾಲ ಅಲ್ಲಿ ದುರಸ್ತಿಯ ಕಾಲವೂ ಹೌದು. ಮಳೆಗಾಲದ ನೀರಲ್ಲಿ ಬರುವ ಬೆಣಚುಕಲ್ಲಿನ ನುಣ್ಣನೆ ಮರಳು ಉಕ್ಕಿಗಿಂತ ಗಟ್ಟಿ. 0.2 ಮಿಲಿಮೀಟರಿಗಿಂತ ದಪ್ಪದ್ದನ್ನು ಹೂಳು ತೆಗೆಯುವ ಕೋಣೆಗಳು ಹಿಡಿಯುತ್ತವೆ. ಸಣ್ಣದು ನುಸುಳಿ, ಸೆಕೆಂಡಿಗೆ ನೂರು ಮೀಟರಿಗೂ ಮೀರಿದ ವೇಗದಲ್ಲಿ ಪೆಲ್ಟನ್ ರನ್ನರಿನ (ನೀರಿನ ಧಾರೆಯ ಹೊಡೆತಕ್ಕೆ ತಿರುಗುವ ಚಕ್ರದ) ಬಟ್ಟಲುಗಳನ್ನು, ನಳಿಕೆಯ ಸೂಜಿಯನ್ನು ಸವೆಸುತ್ತದೆ. ಬಟ್ಟಲಿನ ನಡುಗೆರೆ ಮೊಂಡಾದರೆ ನೀರಿನ ಧಾರೆ ಸರಿಯಾಗಿ ಸೀಳುವುದಿಲ್ಲ, ಅದೇ ನೀರಿಗೆ ಯೂನಿಟ್ ಕಡಿಮೆ. ನವೆಂಬರ್ ಬಂದ ಕೂಡಲೇ ಯಂತ್ರ ಬಿಚ್ಚಿ, ಬೆಸುಗೆ ತುಂಬಿ, ಉಜ್ಜಿ, ಟಂಗ್‌ಸ್ಟನ್ ಕಾರ್ಬೈಡ್ ಲೇಪಿಸಿ ಮೇ ಹೊತ್ತಿಗೆ ಮತ್ತೆ ಕೂರಿಸಬೇಕು. ಬುನಾಖಾದಿಂದ ಚಳಿಗಾಲದಲ್ಲಿ ಹೆಚ್ಚು ನೀರು ಬಂದರೆ ಈ ಬಿಡುವೂ ಕಿರಿದಾಗುತ್ತದೆ. ಬದಲಿ ರನ್ನರುಗಳನ್ನು ಮೊದಲೇ ಕೊಂಡಿಡುವ ಹಣ ಯೋಜನೆಯೊಳಗೇ ಇರಬೇಕು. ಇನ್ನೊಂದು ಕಡೆಯಿಂದ ನೋಡಿದರೆ ಜಲಾಶಯದಲ್ಲಿ ಮರಳು ತಂಗುವುದರಿಂದ ಕೆಳಗಿನ ರನ್ನರುಗಳ ಆಯಸ್ಸು ಹೆಚ್ಚುತ್ತದೆ. ಜಲಾಶಯದ ಆಯಸ್ಸು ಅಷ್ಟೇ ಕಡಿಮೆಯಾಗುತ್ತದೆ. ಈ ಕೊಡು-ಕೊಳ್ಳುವಿಕೆಯನ್ನು ವರದಿಯಲ್ಲಿ ಮುಚ್ಚಿಡದೆ ಬರೆಯಲಿ.

ಪುನಾತ್ಸಾಂಗ್‌ಛು-1ರ ಅಣೆಕಟ್ಟಿನ ಕೆಲಸ ಮತ್ತೆ ಶುರುಮಾಡಲು ಎರಡೂ ಸರ್ಕಾರಗಳು ಒಪ್ಪಿವೆ. ಮಾಡಲಿ. ಆದರೆ ಕಾಂಕ್ರೀಟು ಸುರಿಯುವ ಮುಂಚೆ ಬಲದಂಡೆಯ ಬಂಡೆಯ ಪರೀಕ್ಷಾ ವರದಿಗಳು, ಗುಡ್ಡದೊಳಗೆ ಇಟ್ಟ ಇನ್‌ಕ್ಲಿನೋಮೀಟರುಗಳು ತೋರಿಸಿದ ಚಲನೆಯ ಅಂಕಿಗಳು ಸಾರ್ವಜನಿಕರಿಗೆ ಸಿಗಬೇಕು. ಯೋಜನೆಯಲ್ಲಿ ಪಾಲಿಲ್ಲದ ತಜ್ಞರು ಅದನ್ನು ನೋಡಬೇಕು. 2013ರ ಜಾರಿಕೆಯಿಂದ ಇಂದಿನವರೆಗಿನ ಬಡ್ಡಿಯನ್ನು ಯೂನಿಟ್ ದರಕ್ಕೆ ಸೇರಿಸಿದರೆ ಆ ವಿದ್ಯುತ್ತನ್ನು ಕೊಳ್ಳುವ ರಾಜ್ಯ ಸಿಗುವುದಿಲ್ಲ. ಭೂತಾನದ ಮೇಲೆ ಹೊರಿಸುವುದು ನ್ಯಾಯವಲ್ಲ. ಸಮೀಕ್ಷೆ, ವಿನ್ಯಾಸಗಳಲ್ಲಿ ನಮ್ಮವರ ಪಾಲು ದೊಡ್ಡದಿತ್ತು. ಆ ಬಡ್ಡಿಯನ್ನು ಭಾರತವೇ ಮನ್ನಾ ಮಾಡಬೇಕೆಂದು ಕೇಳುತ್ತೇವೆ, ತೆರಿಗೆ ಕಟ್ಟುವವರಾಗಿಯೇ ಕೇಳುತ್ತೇವೆ.

ಕೊನೆಯದಾಗಿ ಒಂದು ಸಣ್ಣ ಕೆಲಸ, ದುಡ್ಡು ಬೇಕಿಲ್ಲದ್ದು. ಭೂತಾನದಿಂದ ಬಂದ ಮತ್ತು ಭೂತಾನಕ್ಕೆ ಹೋದ ಯೂನಿಟ್‌ಗಳ ಲೆಕ್ಕ ತಿಂಗಳುವಾರು, ಹೊತ್ತುವಾರು, ದರದ ಸಮೇತ ಒಂದೇ ಕೋಷ್ಟಕದಲ್ಲಿ ನಿಮ್ಮ ಸಚಿವಾಲಯ ಪ್ರಕಟಿಸಲಿ. ವರ್ಷದ ಒಟ್ಟು ಅಂಕಿ ನೋಡಿದರೆ ಭೂತಾನ ವಿದ್ಯುತ್ ಮಾರುವ ಶ್ರೀಮಂತನಂತೆ ಕಾಣುತ್ತದೆ. ಜನವರಿಯ ಸಾಲು, ಅದರಲ್ಲೂ ಸಂಜೆ ಆರರಿಂದ ಹತ್ತರ ಕಾಲಂ ಬೇರೆಯಾಗಿ ಕಾಣಬೇಕು. ಮುಂದಿನ ನವೆಂಬರ್‌ನಲ್ಲಿ ಹೊಳೆ ಮತ್ತೆ ಇಳಿಯುತ್ತದೆ. ಕಡದ ಒಪ್ಪಂದ ಅದಕ್ಕೆ ಮುಂಚೆ, ಈ ಮಳೆಗಾಲದ ಯೂನಿಟ್‌ಗಳು ಖಾತೆಗೆ ಜಮೆಯಾಗುವಂತೆ, ಜೂನ್ ಒಳಗೆ ಸಹಿಯಾಗಬೇಕೆಂದು ವಿನಂತಿ.

ಇಂತಿ,
ಜಲವಿದ್ಯುತ್ ಕ್ಷೇತ್ರದ ಕೆಲವು ಎಂಜಿನಿಯರುಗಳು,
ಕರ್ನಾಟಕ